ಡೆನ್ಪಸಾರ್‌ನಿಂದ ಸಿಂಗಪುರ: ಹಾಸಿಗೆಯಿಂದ ಹಾಸಿಗೆಗೆ

ಬಾಲಿ ದ್ವೀಪದ ಡೆನ್ಪಸಾರ್‌ನಿಂದ ಸಿಂಗಪುರಕ್ಕೆ ಎಷ್ಟು ದೂರ ಎಂದು ಫೋನಿನಲ್ಲಿ ಹುಡುಕಿದರೆ ಸುಮಾರು ಸಾವಿರದ ಆರುನೂರ ಎಪ್ಪತ್ತು ಕಿಲೋಮೀಟರ್, ಎರಡು ಗಂಟೆ ನಲವತ್ತು ನಿಮಿಷ ಎಂದು ಬರುತ್ತದೆ. ಸುಳ್ಳಲ್ಲ. ರಜೆಗೆ ಹೋದವರಿಗೆ ಅಷ್ಟು ತಿಳಿದರೆ ಸಾಕು. ನಾನು ಮಾಡುತ್ತಿದ್ದ ಕೆಲಸದಲ್ಲಿ ಮಾತ್ರ ಅದೇ ದಾರಿಗೆ ಎಂಟು, ಒಂಬತ್ತು, ಕೆಲವೊಮ್ಮೆ ಹನ್ನೆರಡು ಗಂಟೆ ಹಿಡಿಯುತ್ತಿತ್ತು.

ಮೊನ್ನೆ ಮೆಲ್ಬರ್ನ್‌ನ ಟಾರ್ನೀಟ್‌ನಲ್ಲಿ ಒಬ್ಬರ ಮನೆಯ ನಾಮಕರಣಕ್ಕೆ ಹೋಗಿದ್ದಾಗ ಈ ಕೆಲಸಕ್ಕೆ ಹೊಸದಾಗಿ ಸೇರಿದ್ದ ಹುಡುಗಿಯೊಬ್ಬಳು ಸಿಕ್ಕಿದಳು. "ಆಂಟಿ, ನೀವೂ ಇದೇ ಫೀಲ್ಡ್‌ನಲ್ಲಿ ಇದ್ರಂತೆ. ಟ್ರೈನಿಂಗ್‌ನಲ್ಲಿ ಬರೀ ಸಾಫ್ಟ್‌ವೇರ್ ಹೇಳ್ಕೊಟ್ರು. ನಿಜವಾಗ್ಲೂ ಹೇಗಿರುತ್ತೆ ಹೇಳಿ" ಎಂದಳು. ಊಟದ ಗದ್ದಲದಲ್ಲಿ ಹೇಳಲಾಗಲಿಲ್ಲ. ಅವಳಿಗೂ ಅವಳಂಥವರಿಗೂ ಎಂದು ಈಗ ಬರೆಯುತ್ತಿದ್ದೇನೆ.

ನಾನು ಮೈಸೂರಿನವಳು. ಸಿಡ್ನಿಯ ಒಂದು ಕಚೇರಿಯಲ್ಲಿ ಹತ್ತೊಂಬತ್ತು ವರ್ಷ ಏರ್ ಆಂಬ್ಯುಲೆನ್ಸ್‌ಗಳ ಫ್ಲೈಟ್ ಕೋಆರ್ಡಿನೇಟರ್ ಆಗಿದ್ದೆ. ಹೊರದೇಶಕ್ಕೆ ಹೋದವರು ಅಲ್ಲಿ ಬಿದ್ದೋ ಕಾಯಿಲೆಯಾಗಿಯೋ ಸಣ್ಣ ಆಸ್ಪತ್ರೆ ಸೇರಿದರೆ ಅವರನ್ನು ದೊಡ್ಡ ಆಸ್ಪತ್ರೆಯಿರುವ ಊರಿಗೆ ಸಾಗಿಸಬೇಕು. ನಾಮ್ ಪೆನ್‌ನಿಂದ ಬ್ಯಾಂಕಾಕಿಗೆ, ಡೆನ್ಪಸಾರ್‌ನಿಂದ ಸಿಂಗಪುರಕ್ಕೆ. ವಿಮಾನ, ವೈದ್ಯರು, ನರ್ಸ್, ಇಳಿಯುವ ಅನುಮತಿ, ಎರಡೂ ಕಡೆ ಆಂಬ್ಯುಲೆನ್ಸ್, ಆ ಕಡೆ ಖಾಲಿ ಹಾಸಿಗೆ ಇವೆಲ್ಲವನ್ನೂ ಮೇಜಿನ ಮುಂದೆ ಕೂತು ಫೋನಿನಲ್ಲೇ ಹೊಂದಿಸುವವಳು ನಾನು. ಈ ಊರುಗಳಲ್ಲಿ ಒಂದನ್ನೂ ನಾನು ನೋಡಿಲ್ಲ. ಸಿಂಗಪುರ ಗೊತ್ತಿರುವುದು ಮೈಸೂರಿಗೆ ಹೋಗಿಬರುವಾಗ ವಿಮಾನ ಬದಲಿಸಿದ ಜಾಗವಾಗಿ ಮಾತ್ರ.

ಮೊದಲ ವಾರವೇ ನಮ್ಮ ಮೇಲಧಿಕಾರಿ ಕಾಲಿನ್ ಹೇಳಿದ ಮಾತು ಇದು: "ರನ್‌ವೇಯಿಂದ ರನ್‌ವೇಗೆ ಎಷ್ಟು ಹೊತ್ತು ಎನ್ನುವುದು ಪೈಲಟ್‌ನ ಲೆಕ್ಕ. ನಿನ್ನ ಲೆಕ್ಕ ಹಾಸಿಗೆಯಿಂದ ಹಾಸಿಗೆಗೆ." ಕಾಲಿನ್ ಹಿಂದೆ ಆಂಬ್ಯುಲೆನ್ಸ್ ಓಡಿಸುತ್ತಿದ್ದವನು. ಎತ್ತರದ ಆಳು, ಮೆಲು ದನಿ. ರೋಗಿಯನ್ನು ಮಂಚದಿಂದ ಸ್ಟ್ರೆಚರಿಗೆ ಎತ್ತಿ ಹಾಕಲು ಎಷ್ಟು ನಿಮಿಷ, ಲಿಫ್ಟ್ ಕೆಟ್ಟಿದ್ದರೆ ಎಷ್ಟು, ಊರಿನಲ್ಲಿ ಮೆರವಣಿಗೆಯಿದ್ದರೆ ಎಷ್ಟು ಎಂದು ಬಾಯಿಪಾಠ ಒಪ್ಪಿಸುತ್ತಿದ್ದ. ಆಗ ನಮ್ಮಲ್ಲಿ ಗೋಡೆಯಗಲದ ಬಿಳಿ ಬೋರ್ಡ್, ನಾಲ್ಕು ಬಣ್ಣದ ಮಾರ್ಕರ್, ಒಂದು ಫ್ಯಾಕ್ಸ್ ಯಂತ್ರ ಇದ್ದವು. ಕಂಪ್ಯೂಟರಿನಲ್ಲೇ ಎಲ್ಲ ಮೂಡುವ ಕಾಲ ಆಮೇಲೆ ಬಂತು. ಬೋರ್ಡ್ ಇದ್ದಾಗ ತಪ್ಪು ಬರೆದರೆ ಹಿಂದೆ ಕೂತವರು ಯಾರಾದರೂ ನೋಡಿ ಹೇಳುತ್ತಿದ್ದರು. ಪರದೆ ಬಂದಮೇಲೆ ಅವರವರ ತಪ್ಪು ಅವರವರ ಮುಂದೆಯೇ ಉಳಿಯತೊಡಗಿತು.

ಬೋರ್ಡ್ ಇದ್ದ ಕಾಲದಲ್ಲೇ ನಾನು ಒಂದು ದೊಡ್ಡ ತಪ್ಪು ಮಾಡಿದೆ. ಯಾಂಗೊನ್‌ನಿಂದ ಬ್ಯಾಂಕಾಕಿಗೆ ವಯಸ್ಸಾದ ಹೆಂಗಸೊಬ್ಬರನ್ನು ಕಳಿಸಬೇಕಿತ್ತು. ಆಕಾಶದಲ್ಲಿ ಒಂದೂಕಾಲು ಗಂಟೆ. ಯಾಂಗೊನ್‌ನ ಗಡಿಯಾರ ಬ್ಯಾಂಕಾಕಿಗಿಂತ ಅರ್ಧ ಗಂಟೆ ಹಿಂದೆ. ನಾನು ಒಂದು ಗಂಟೆ ಎಂದುಕೊಂಡೆ. ಹುಟ್ಟಿ ಬೆಳೆದದ್ದು ಅರ್ಧ ಗಂಟೆಯ ಲೆಕ್ಕವಿರುವ ದೇಶದಲ್ಲಿ, ಆದರೂ ಎಡವಿದೆ. ಬ್ಯಾಂಕಾಕಿನ ಆಂಬ್ಯುಲೆನ್ಸಿಗೆ ನಾಲ್ಕೂಕಾಲಕ್ಕೆ ಬನ್ನಿ ಎಂದಿದ್ದೆ. ವಿಮಾನ ಮೂರೂಮುಕ್ಕಾಲಕ್ಕೇ ಇಳಿದಿತ್ತು. ಆ ಹೆಂಗಸು ಬಿಸಿಲಲ್ಲಿ ಕಾದ ವಿಮಾನದೊಳಗೆ ಅರ್ಧ ಗಂಟೆ ಮಲಗಿದ್ದರು. ಆಮ್ಲಜನಕದ ಕೊನೆಯ ಸಿಲಿಂಡರ್ ತೆರೆಯಬೇಕಾಯಿತು.

ಅವರು ಬದುಕಿದರು. ಕಾಲಿನ್ ಕೂಗಾಡಲಿಲ್ಲ. ಗೋಡೆ ಗಡಿಯಾರದ ಎದುರು ಒಂದು ಕುರ್ಚಿ ಹಾಕಿದ. "ಅರ್ಧ ಗಂಟೆ ಇಲ್ಲಿ ಕೂತ್ಕೋ ವಸುಧಾ. ಫೋನ್ ಬೇಡ, ಕಾಫಿ ಬೇಡ. ಅರ್ಧ ಗಂಟೆ ಎಷ್ಟುದ್ದ ಅಂತ ನೋಡು." ಎಲ್ಲರೂ ಕೆಲಸ ಮಾಡುತ್ತಿದ್ದರು. ನಾನು ಮುಳ್ಳು ನೋಡುತ್ತ ಕೂತಿದ್ದೆ. ಹದಿನೈದು ನಿಮಿಷವಾಗುವಷ್ಟರಲ್ಲಿ ಎದ್ದು ಓಡಿಹೋಗಬೇಕೆನಿಸಿತು. ಅಂದಿನಿಂದ ನಿಮಿಷಗಳ ವಿಷಯದಲ್ಲಿ ನಾನು ಜಿಪುಣಿಯಾದೆ. ಅದೇ ಒಳ್ಳೆಯ ಗುಣವೆಂದು ಬಹಳ ವರ್ಷ ನಂಬಿದ್ದೆ.

ಇನ್ನೊಂದು ವಿಷಯ ಹೊಸಬರಿಗೆ ಯಾರೂ ಹೇಳುವುದಿಲ್ಲ. ಈ ಕೆಲಸದಲ್ಲಿ ದಿನವಿಡೀ ಜನರ ಜೊತೆ ಮಾತಾಡುತ್ತೀರಿ, ಒಬ್ಬರ ಮುಖವನ್ನೂ ನೋಡುವುದಿಲ್ಲ. ಹತ್ತು ಗಂಟೆ ಒಬ್ಬ ತಾಯಿ ನಿಮ್ಮ ಹೆಸರು ಹಿಡಿದು ಕರೆಯುತ್ತಾಳೆ. ಆ ಕಡೆ ಹಾಸಿಗೆ ಸಿಕ್ಕ ಕೂಡಲೇ ನಿಮ್ಮ ಕೆಲಸ ಮುಗಿಯಿತು. ಆಮೇಲೆ ಅವರು ಬದುಕಿದರೋ, ನಡೆದರೋ, ಮನೆಗೆ ಹೋದರೋ ತಿಳಿಯದು. ಸಂಜೆ ನಾನು ರೈಲು ಹಿಡಿದು ಸಿಡ್ನಿಯ ಹೊರವಲಯದ ಗಿರಾವೀನ್‌ಗೆ ಮರಳುತ್ತಿದ್ದೆ. ಒಂದು ಕೋಣೆಯ ಯೂನಿಟ್, ಅಂದರೆ ಸಣ್ಣ ಫ್ಲಾಟು. ಮದುವೆಯಾಗಲಿಲ್ಲ, ಆಗಬಾರದೆಂದೇನೂ ಇರಲಿಲ್ಲ, ಆಗದೆ ಹೋಯಿತು. ಮನೆಯಲ್ಲಿ ಮಾತಿಲ್ಲ. ಕೆಲವು ದಿನ ಅನ್ನಕ್ಕಿಟ್ಟು, ಆ ದಿನದ ರೋಗಿ ಈಗ ಎಲ್ಲಿರಬಹುದು ಎಂದು ಗಡಿಯಾರ ನೋಡಿಕೊಂಡು ನಿಂತುಬಿಡುತ್ತಿದ್ದೆ.

ಈಗ ಹೇಳಬೇಕಾದದ್ದನ್ನು ಹೇಳುತ್ತೇನೆ.

ನಾನು ನಿವೃತ್ತಳಾಗುವ ನಾಲ್ಕು ವರ್ಷ ಮೊದಲು, ಜೂನ್ ತಿಂಗಳ ಒಂದು ಬೆಳಿಗ್ಗೆ, ಡೆನ್ಪಸಾರ್‌ನಿಂದ ಕರೆ ಬಂತು. ಮೆಲ್ಬರ್ನ್‌ನ ವಿಂಡಮ್ ವೇಲ್‌ನಲ್ಲಿ ನೆಲೆಸಿದ್ದ ಬೆಳಗಾವಿಯ ದಂಪತಿ ಬಾಲಿಗೆ ಹೋಗಿದ್ದರು. ಗಂಡ ಮಹಾಂತೇಶ ಹಿಂದಿನ ಸಂಜೆ ಬಾಡಿಗೆ ಸ್ಕೂಟರಿನಿಂದ ಬಿದ್ದು ತಲೆಗೆ ಪೆಟ್ಟಾಗಿತ್ತು. ಸಿಂಗಪುರದಲ್ಲಿ ಆಪರೇಷನ್ ಆಗಬೇಕು ಎಂದು ವೈದ್ಯರು ಹೇಳಿದ್ದರು. ಹೆಂಡತಿ ಶೈಲಾ ಆಸ್ಪತ್ರೆಯ ಮೊಗಸಾಲೆಯಿಂದ ಫೋನ್ ಮಾಡಿದ್ದರು. ಮೊದಲು ಇಂಗ್ಲಿಷಿನಲ್ಲಿ ಸರಿಯಾಗಿಯೇ ಮಾತಾಡುತ್ತಿದ್ದರು. ನಾನು ನನ್ನ ಹೆಸರು ಹೇಳಿದೆ.

"ವಸುಧಾ ಅಂದ್ರಿ? ಕನ್ನಡದವರೇನ್ರಿ ನೀವು?"

"ಹೌದು. ಮೈಸೂರು."

"ಅಯ್ಯೋ ಅಕ್ಕಾರ..." ಎಂದವರೇ ಅಳತೊಡಗಿದರು. ಅಲ್ಲಿಯವರೆಗೆ ಅವರು ಅತ್ತಿರಲಿಲ್ಲ ಎಂದು ಆಮೇಲೆ ಅವರೇ ಹೇಳಿದರು.

ಅಂದಿನ ಮಾತೆಲ್ಲ ಕನ್ನಡದಲ್ಲೇ ನಡೆಯಿತು. ಕಾಲು ಗಂಟೆಗೊಮ್ಮೆ ಅವರ ಕರೆ. "ವಿಮಾನ ಹೊಂಟ್ತೇನ್ರಿ?" "ಸಿಂಗಪುರ ಎಷ್ಟು ದೂರ ಐತ್ರಿ ಇಲ್ಲಿಂದ?" "ಅಲ್ಲೀತನ ತಡೀತಾರೇನ್ರಿ ಇವರು?" ನಮ್ಮ ಕಚೇರಿಯ ನಿಯಮದಂತೆ ಮನೆಯವರಿಗೆ ಖಚಿತ ಸಮಯ ಹೇಳಬಾರದು. ನಾನು ಹೇಳುತ್ತಿದ್ದೆ. ಇಷ್ಟು ಹೊತ್ತಿಗೆ ಇಂಥದ್ದು ಎಂದು ಒಂದೊಂದನ್ನೂ ಹೇಳಿದರೆ ಅವರ ಉಸಿರು ಸಮವಾಗುವುದು ಫೋನಿನಲ್ಲೇ ಕೇಳುತ್ತಿತ್ತು.

ಬಾಲಿಯಲ್ಲಿ ಎಂಟೂವರೆ ಆಗುವ ಹೊತ್ತಿಗೆ ಸ್ಕ್ಯಾನಿನ ವರದಿ ಬಂತು. ಮಹಾಂತೇಶರ ತಲೆಬುರುಡೆಯೊಳಗೆ ಗಾಳಿ ಸೇರಿಕೊಂಡಿತ್ತು. ವಿಮಾನ ಎತ್ತರಕ್ಕೆ ಏರಿದಷ್ಟೂ ವಿಮಾನದೊಳಗಿನ ಒತ್ತಡ ಇಳಿದು, ತಲೆಯೊಳಗೆ ಸೇರಿಕೊಂಡ ಗಾಳಿ ಹಿಗ್ಗುತ್ತದೆ, ಮಿದುಳನ್ನು ಒತ್ತುತ್ತದೆ. ಅಂಥ ರೋಗಿಯನ್ನು ತಗ್ಗಿನಲ್ಲೇ ಹಾರಿಸಿ ಕರೆದೊಯ್ಯಬೇಕು. ತಗ್ಗಿನಲ್ಲಿ ವಿಮಾನ ನಿಧಾನವಾಗುತ್ತದೆ, ಇಂಧನವೂ ಹೆಚ್ಚು ಕುಡಿಯುತ್ತದೆ.

ನನ್ನ ಪರದೆಯ ಮೇಲೆ ಎರಡು ದಾರಿ ಮೂಡಿದವು. ಒಂದು, ಪೂರ್ತಿ ಇಂಧನ ತುಂಬಿಕೊಂಡು ನೇರವಾಗಿ ಸಿಂಗಪುರ. ಆ ಭಾರದಲ್ಲಿ ರೋಗಿಯ ಕಡೆಯವರು ಒಬ್ಬರೂ ಹತ್ತುವಂತಿಲ್ಲ. ಇನ್ನೊಂದು, ಕಡಿಮೆ ಇಂಧನದಲ್ಲಿ ಹೊರಟು ಜಕಾರ್ತಾದಲ್ಲಿ ಇಳಿದು ತುಂಬಿಕೊಂಡು ಹೋಗುವುದು. ಆಗ ಹೆಂಡತಿ ಜೊತೆಗೆ ಬರಬಹುದು. ವ್ಯತ್ಯಾಸ ಒಂದು ಗಂಟೆ ಹತ್ತು ನಿಮಿಷ.

ನಮ್ಮ ವೈದ್ಯಾಧಿಕಾರಿ ನನ್ನ ಮೇಜಿನ ಬಳಿಗೆ ಬಂದರು. ಎರಡನ್ನೂ ನೋಡಿದರು.

"ಈ ಒಂದು ಗಂಟೆಯಿಂದ ಏನಾದರೂ ಬದಲಾಗುತ್ತದೆ ಎಂದು ನಾನು ಹೇಳಲಾರೆ. ಗಾಯ ಬಹಳ ಕೆಟ್ಟದಿದೆ. ಹೆಂಡತಿ ಏನನ್ನುತ್ತಾರೆ? ಕೇಳಿದೆಯಾ?"

ನಾನು ಕೇಳಿರಲಿಲ್ಲ. ಕೇಳಿದರೆ ಏನಾಗುತ್ತದೆಂದು ನನಗೆ ಗೊತ್ತು ಎಂದುಕೊಂಡಿದ್ದೆ. ಅವರು ಅಳುತ್ತಾರೆ, ಬೆಳಗಾವಿಗೆ ಫೋನ್ ಮಾಡಿ ಅಣ್ಣನನ್ನು ಕೇಳುತ್ತಾರೆ, ಇಪ್ಪತ್ತು ನಿಮಿಷ ಹೋಗುತ್ತದೆ. ಕೊನೆಗೆ ನಾನೂ ಬರ್ತೀನಿ ಎನ್ನುತ್ತಾರೆ. ಒಂದು ಗಂಟೆ ಹತ್ತು ನಿಮಿಷ ಕಳೆದುಹೋಗುತ್ತದೆ. ನಿಮಿಷ ಉಳಿಸುವುದೇ ನನ್ನ ಕೆಲಸ.

"ಕೇಳಿದೆ. ನೇರವಾಗಿ ಹೋಗಲಿ ಎಂದರು," ಎಂದೆ.

ಅವರು ತಲೆಯಾಡಿಸಿ ಸಹಿ ಹಾಕಿದರು. ಮಹಾಂತೇಶರನ್ನು ಕರೆತರಲು ಸಿಂಗಪುರದಿಂದ ವಿಮಾನ ಹೊರಟಿತು.

ಮುಂದಿನ ಕರೆಯಲ್ಲಿ ಶೈಲಾ ತಾವೇ ಕೇಳಿದರು. "ಅಕ್ಕಾರ, ನಾ ಅವರ ಜೋಡಿ ಕುಂದ್ರಬಹುದಲ್ರಿ?"

"ಸೀಟಿಲ್ಲ ಶೈಲಾ. ಭಾರ ಹೆಚ್ಚಾಗುತ್ತೆ. ಬೇರೆ ಫ್ಲೈಟ್‌ನಲ್ಲಿ ನಿಮಗೆ ಟಿಕೆಟ್ ಮಾಡ್ತೀನಿ."

"ಹಂಗಾರ ಬ್ಯಾರೆ ದಾರಿನಽ ಇಲ್ಲೇನ್ರಿ?"

"ಇಲ್ಲ."

"ಆತ್ರಿ," ಎಂದರು. "ನೀವು ಹೇಳ್ತೀರಂದ್ರ ಆತ್ರಿ."

ಹೊತ್ತಿನ ಮಟ್ಟಿಗೆ ಅಂದು ಒಂದೂ ತಪ್ಪಲಿಲ್ಲ. ಲಿಫ್ಟ್ ಕೆಲಸ ಮಾಡಿತು, ರಸ್ತೆ ತೆರೆದಿತ್ತು. ಬಾಲಿಯಲ್ಲಿ ಮಧ್ಯಾಹ್ನ ಎರಡೂವರೆಗೆ ವಿಮಾನ ಏರಿತು. ಶೈಲಾಗೆ ಸಿಕ್ಕಿದ್ದು ಸಂಜೆ ಆರರ ವಿಮಾನ. ಅದಕ್ಕೂ ಮೊದಲಿನದರಲ್ಲಿ ಸೀಟಿರಲಿಲ್ಲ. ನಾನು ಸಿಡ್ನಿಯ ಗಡಿಯಾರದಲ್ಲಿ ಐದಕ್ಕೆ ಪಾಳಿ ಮುಗಿಸಿ ಮನೆಗೆ ಹೊರಟೆ.

ಮರುದಿನ ಬೆಳಿಗ್ಗೆ ಫೈಲ್ ತೆರೆದೆ. ಬಾಲಿ, ಸಿಂಗಪುರ ಎರಡರ ಗಡಿಯಾರವೂ ಒಂದೇ. ಮಹಾಂತೇಶ ಸಂಜೆ ಏಳು ಗಂಟೆಗೆ ಸಿಂಗಪುರದ ಆಸ್ಪತ್ರೆ ತಲುಪಿದ್ದರು. ಆಪರೇಷನ್ನಿಗೆ ಒಯ್ಯುವ ಮೊದಲೇ, ಎಂಟು ಇಪ್ಪತ್ತೈದಕ್ಕೆ, ತೀರಿಕೊಂಡಿದ್ದರು. ಶೈಲಾ ಇದ್ದ ವಿಮಾನ ಎಂಟು ನಲವತ್ತಕ್ಕೆ ಇಳಿದಿತ್ತು.

ಜಕಾರ್ತಾದ ದಾರಿ ಹಿಡಿದಿದ್ದರೆ ಅವರು ಎಂಟು ಹತ್ತಕ್ಕೆ ಆಸ್ಪತ್ರೆಯಲ್ಲಿರುತ್ತಿದ್ದರು, ಇಬ್ಬರೂ. ದಾರಿಯುದ್ದಕ್ಕೂ ಹೆಂಡತಿ ಪಕ್ಕದಲ್ಲಿರುತ್ತಿದ್ದರು. ಈ ಲೆಕ್ಕ ಮಾಡಲು ನನಗೆ ಕಂಪ್ಯೂಟರ್ ಬೇಕಾಗಲಿಲ್ಲ.

ಕಾಲಿನ್ ಹಿಂದಿನಿಂದ ಬಂದು ಪರದೆ ನೋಡಿದ. "ಪಾಪ. ಆದರೆ ಹಾಸಿಗೆಯಿಂದ ಹಾಸಿಗೆಗೆ ಐದೂವರೆ ಗಂಟೆ, ಅದೂ ತಗ್ಗಿನಲ್ಲಿ ಹಾರಿ. ಚೆನ್ನಾಗಿ ಮಾಡಿದೆ" ಎಂದು ಭುಜ ತಟ್ಟಿದ. ನಾನು ಅವನಿಗೆ ಹೇಳಲಿಲ್ಲ. ವೈದ್ಯಾಧಿಕಾರಿಗೂ ಹೇಳಲಿಲ್ಲ. ಕರೆಗಳೆಲ್ಲ ರೆಕಾರ್ಡ್ ಆಗುತ್ತಿದ್ದವು ನಿಜ, ಆದರೆ ಶೈಲಾ ಜೊತೆಗಿನವು ಕನ್ನಡದಲ್ಲಿದ್ದವು. ಆ ಕಚೇರಿಯಲ್ಲಿ ಅದನ್ನು ಕೇಳಿ ತಿಳಿಯುವವಳು ನಾನೊಬ್ಬಳೇ.

ಉಳಿದ ನಾಲ್ಕು ವರ್ಷ ಕೆಲಸ ಮಾಡಿದೆ. ಎರಡು ದಾರಿ ಇದ್ದಾಗಲೆಲ್ಲ ಮನೆಯವರನ್ನು ಕೇಳಿದೆ. ಇಪ್ಪತ್ತು ನಿಮಿಷ ಹೋಗುತ್ತದೆಂದು ಹೆದರಿದ್ದೆನಲ್ಲ, ಹೆಚ್ಚಿನವರು ಎರಡೇ ನಿಮಿಷದಲ್ಲಿ ಹೇಳಿಬಿಡುತ್ತಿದ್ದರು.

ನಿವೃತ್ತಿಯಾದ ಮೇಲೆ ಮೆಲ್ಬರ್ನಿಗೆ ಬಂದೆ. ತಂಗಿಯ ಸಂಸಾರ ಟಾರ್ನೀಟ್‌ನಲ್ಲಿತ್ತು. ಹತ್ತಿರ ಇರೋಣ ಎಂದು ಅಲ್ಲೇ ಯೂನಿಟ್ ಹಿಡಿದೆ. ಎಂಟು ತಿಂಗಳಲ್ಲಿ ಭಾವನಿಗೆ ಪರ್ತ್‌ನಲ್ಲಿ ಕೆಲಸವಾಗಿ ಅವರು ಹೊರಟುಹೋದರು. ನಾನು ಉಳಿದೆ. ವಿಂಡಮ್ ವೇಲ್ ಅಲ್ಲಿಂದ ಒಂದೇ ಸ್ಟೇಷನ್. ಶೈಲಾ ಇನ್ನೂ ಅಲ್ಲಿದ್ದಾರೋ ಇಲ್ಲವೋ ಗೊತ್ತಿರಲಿಲ್ಲ. ಫೈಲಿನಲ್ಲಿ ನೋಡಿದ್ದ ವಿಳಾಸ ನೆನಪಿತ್ತು. ಅದನ್ನು ಬಳಸಬಾರದು, ಬಳಸಲಿಲ್ಲ. ಆದರೆ ಇಂಡಿಯನ್ ಅಂಗಡಿಗೆ ಹೋದಾಗಲೆಲ್ಲ ಕಿವಿ ಎಚ್ಚರವಾಗಿರುತ್ತಿತ್ತು.

ಒಂದು ಶುಕ್ರವಾರ ಸಂಜೆ ತರಕಾರಿ ಸಾಲಿನ ಆಚೆಯಿಂದ ಆ ದನಿ ಬಂತು. "ಮೆಂತೆಪಲ್ಲೆ ಇವತ್ತು ಬಂದಿಲ್ಲೇನ್ರಿ?" ಅಂಗಡಿಯವನೂ ಹುಬ್ಬಳ್ಳಿಯ ಕಡೆಯವನು. ನಾನು ಬುಟ್ಟಿ ಹಿಡಿದು ನಿಂತಲ್ಲೇ ನಿಂತೆ. ನಲವತ್ತು ದಾಟಿದ ಹೆಂಗಸು, ಗಿಡ್ಡ ಕೂದಲು, ಆಫೀಸಿನ ಬ್ಯಾಡ್ಜ್ ಇನ್ನೂ ಕೊರಳಲ್ಲಿತ್ತು. ಮುಖ ನೋಡಿದ್ದು ಅದೇ ಮೊದಲು.

ಹತ್ತಿರ ಹೋಗಿ ಹೆಸರು ಹೇಳಿದೆ. "ಸಿಡ್ನಿಯಿಂದ... ಬಾಲಿಯಲ್ಲಿದ್ದಾಗ ಫೋನಿನಲ್ಲಿ..."

ಶೈಲಾ ನನ್ನ ಕೈ ಹಿಡಿದುಕೊಂಡರು. "ಅಕ್ಕಾರ! ನೀವು ಹೆಂಗ ಇರಬಹುದು ಅಂತ ಎಷ್ಟು ಸಲ ವಿಚಾರ ಮಾಡೀನಿ ಗೊತ್ತೇನ್ರಿ? ಆ ದಿನಾ ನನ್ನ ಜೋಡಿ ಇದ್ದವರು ನೀವೊಬ್ಬರಽ. ಬರ್ರಿ, ಮನಿಗೆ ಬಂದು ಚಾ ಕುಡದ ಹೋಗ್ರಿ."

ಹೋದೆ. ಚಹಾ ಕುಡಿದೆ. ಗೋಡೆಯ ಮೇಲೆ ಮಹಾಂತೇಶರ ಫೋಟೋ ಇತ್ತು. ಅವರ ಮುಖವನ್ನೂ ಅಂದೇ ನೋಡಿದೆ. ಶೈಲಾ ಆ ದಿನವನ್ನು ಗಂಟೆ ಗಂಟೆಯಾಗಿ ಹೇಳಿದರು, ನನಗೆ ಮತ್ತೆ ಮತ್ತೆ ಉಪಕಾರ ಹೇಳಿದರು. ಮೂರನೆಯ ಸಲ ಹೇಳಿದಾಗ ನನಗೆ ತಡೆಯಲಾಗಲಿಲ್ಲ. ಎರಡು ದಾರಿ ಇದ್ದದ್ದು, ವೈದ್ಯರು ಕೇಳಿದ್ದು, ನಾನು ಅವರ ಪರವಾಗಿ ಹೇಳಿಬಿಟ್ಟದ್ದು, ಆಮೇಲೆ ಸೀಟಿಲ್ಲ ಎಂದದ್ದು ಎಲ್ಲವನ್ನೂ ಹೇಳಿದೆ.

ಅವರು ಕಪ್ಪನ್ನು ಮೇಜಿನ ಮೇಲಿಟ್ಟರು.

"ವಿಮಾನದಾಗ ಅವರ ಹತ್ರ ಯಾರಿದ್ರು?" ಎಂದು ಕೇಳಿದರು.

"ಒಬ್ಬ ಡಾಕ್ಟರು, ಒಬ್ಬಳು ನರ್ಸ್."

"ನರ್ಸ್ ಹೆಸರೇನ್ರಿ?"

ನನಗೆ ಗೊತ್ತಿರಲಿಲ್ಲ. ಅಂದಿನ ಒಂದೊಂದು ನಿಮಿಷವೂ ನೆನಪಿದೆ, ಆ ಹೆಸರು ನೆನಪಿಲ್ಲ. ಹಾಗೆಂದೆ.

"ಗೊತ್ತ ಮಾಡಿಕೊಂಡು ಹೇಳ್ರಿ," ಎಂದು ಎದ್ದರು. ನಾನೂ ಎದ್ದೆ.

ಕಾಲಿನ್ ಈಗ ಸಿಡ್ನಿಯ ಹೊರಗೆ ಟೊಮ್ಯಾಟೊ ಬೆಳೆದುಕೊಂಡಿದ್ದಾನೆ. ಅವನಿಗೆ ಫೋನ್ ಮಾಡಿ ಮೊದಲ ಬಾರಿಗೆ ನಡೆದದ್ದನ್ನು ಹೇಳಿದೆ. "ಆ ಕುರ್ಚಿ ನಾನು ಹಾಕಬಾರದಿತ್ತೇನೋ" ಎಂದ. ಕುರ್ಚಿಯದ್ದಲ್ಲ, ತಪ್ಪು ನನ್ನದು ಎಂದೆ. ದಾಖಲೆ ಕೊಡಲು ಅವನಿಗೂ ಅಧಿಕಾರವಿಲ್ಲ. ಆದರೆ ಸಿಂಗಪುರದ ಹಳೆಯ ಪರಿಚಯದವರ ಮೂಲಕ ಆ ನರ್ಸಿಗೆ ಸುದ್ದಿ ಮುಟ್ಟಿಸಿದ. ಮೂರು ವಾರದ ಮೇಲೆ ಅವಳೇ ಫೋನ್ ಮಾಡಿದಳು. ಫಿಲಿಪ್ಪೀನ್ಸಿನವಳು, ಹೆಸರು ಮಾರಿಸೆಲ್. ಶೈಲಾಗೆ ತನ್ನ ಹೆಸರು ಹೇಳಬಹುದು ಎಂದಳು.

"ಮಹಾಂತೇಶ ನೆನಪಿದ್ದಾರಾ?" ಎಂದು ಕೇಳಿದೆ.

"ಕ್ಷಮಿಸಿ, ಇಲ್ಲ. ಬಹಳ ಜನರನ್ನು ಕರೆತಂದಿದ್ದೇನೆ." ಎಂದಳು. "ಆದರೆ ವಿಮಾನ ಇಳಿಯುವಾಗ ನಾನು ಅವರ ಕೈ ಹಿಡಿದುಕೊಳ್ಳುತ್ತೇನೆ. ಎಲ್ಲರದ್ದೂ. ಪ್ರಜ್ಞೆ ಇಲ್ಲದವರದ್ದೂ. ಅದು ನನ್ನ ಅಭ್ಯಾಸ."

ಮಹಾಂತೇಶರ ಕೈ ಹಿಡಿದಿದ್ದಳು ಎಂದೇ ಶೈಲಾಗೆ ಹೇಳಿಬಿಡಬಹುದಿತ್ತು. ಅವರ ಮನೆಗೆ ಹೋಗುವ ರೈಲಿನಲ್ಲಿ ಕೂತು ಹಾಗೆ ಯೋಚಿಸಿದ್ದೂ ನಿಜ. ಆದರೆ ಬಾಗಿಲಲ್ಲಿ ನಿಂತು, ಮಾರಿಸೆಲ್ ಹೇಳಿದ್ದನ್ನು ಹೇಳಿದ ಹಾಗೆಯೇ ಒಪ್ಪಿಸಿದೆ. ನೆನಪಿಲ್ಲ ಎಂದದ್ದನ್ನೂ ಬಿಡಲಿಲ್ಲ.

ಶೈಲಾ ಬಾಗಿಲ ಚೌಕಟ್ಟಿಗೆ ಒರಗಿ ಕೇಳಿಸಿಕೊಂಡರು. "ಮಾರಿಸೆಲ್," ಎಂದು ತಮ್ಮಷ್ಟಕ್ಕೆ ಒಮ್ಮೆ ಹೇಳಿಕೊಂಡರು. "ಹಂಗಾರ ಹಿಡದಿರ್ತಾಳ."

"ಹಿಡಿದಿರ್ತಾಳೆ," ಎಂದೆ.

ಒಳಗೆ ಬನ್ನಿ ಎನ್ನಲಿಲ್ಲ. ನಾನೂ ಕಾಯಲಿಲ್ಲ. ಗೇಟಿನ ತನಕ ಹೋದಾಗ ಹಿಂದಿನಿಂದ ಕರೆದರು.

"ಅಕ್ಕಾರ, ನೀವು ಕೇಳಿದ್ರ ನಾನೂ ಅದನ್ನಽ ಹೇಳ್ತಿದ್ನೇನೋ. ನನ್ನ ಬಿಟ್ಟು ಹೋಗ್ಲಿ, ಲಗೂನ ಮುಟ್ಟಲಿ ಅಂತ. ಗೊತ್ತಿಲ್ಲ." ಅವರ ದನಿ ಏರಿರಲಿಲ್ಲ. "ಆದ್ರ ಅದು ನನ್ನ ಮಾತಾಗ್ತಿತ್ತು."

ಬಾಗಿಲು ಮೆಲ್ಲಗೆ ಮುಚ್ಚಿತು. ನಾನು ಸ್ಟೇಷನ್ನಿಗೆ ನಡೆದುಕೊಂಡು ಹೋದೆ.